ಮೇಲಿನಿಂದ ಕೆಳಕ್ಕೆ ನಿಂದು

ಚಾಮರಾಜಪೇಟೆ,
ಸೋಮವಾರ, ೧೩-೧-೨೦೨೫

ಪ್ರೀತಿಯ ಜಾನಕಕ್ಕನಿಗೆ ತಮ್ಮ ಬದರಿಯ ನಮಸ್ಕಾರ.

ಮಂಡಿನೋವು ಹೇಗಿದೆ? ಈ ಚಳಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೊಳ್ತಿದೀಯೋ, ಇಲ್ಲಾ ಸೀಸೆಗೆ ಕೈಮುಗಿದು ಮಲಗಿಬಿಡ್ತೀಯೋ? ಇಲ್ಲಿಂದ ಮಲ್ಲೇಶ್ವರಕ್ಕೆ ಅಂಚೆಚೀಟಿ ಅಂಟಿಸಿ ಕಾಗದ ಬರೆಯೋ ತಮ್ಮ ಊರಲ್ಲೆಲ್ಲಾ ನಾನೊಬ್ಬನೇ ಇರಬೇಕು. ಏನು ಮಾಡಲಿ, ಎರಡು ವರ್ಷದಿಂದ ನೀನು ಫೋನ್ ಎತ್ತೋದಿಲ್ಲ.

ಸುಲ್ತಾನ್‌ಪೇಟೆಯ ಅಂಗಡಿಯಲ್ಲಿ ಕೂತು ಊರವರ ಲಗ್ನಪತ್ರಿಕೆಯ ಕರಡು ತಿದ್ದೋ ಕೆಲಸ ನಡೀತಾ ಇದೆ. ಮೊನ್ನೆ ಸೊಣ್ಣಪ್ಪ ಅಂತ ಒಬ್ಬರು, "ಆವ್ಹಾನ ಅಂತಲೇ ಹಾಕಿ ಸ್ವಾಮಿ, ನಮ್ಮ ತಾತನ ಮದುವೆಯಿಂದ ಹಂಗೇ ಬಂದಿದೆ" ಅಂತ ಹಟ ಹಿಡಿದರು. "ತಾತಂದು ಹೆಂಗೋ ನಡೆದುಹೋಯ್ತು, ಮೊಮ್ಮಗಳದಾದ್ರೂ ಆಹ್ವಾನ ಆಗ್ಲಿ" ಅಂದೆ. ನಕ್ಕು ಒಪ್ಪಿದರು. ಮನೆಗೆ ಬಂದು ಇದನ್ನ ಯಾರಿಗೆ ಹೇಳಲಿ ಅಂತ ಸುತ್ತ ನೋಡಿದೆ. ಗೋಡೆ ಮೇಲೆ ಗೋದಾಳ ಪಟ ಇತ್ತು. ಅವಳು ಬದುಕಿದ್ದಾಗಲೂ ನನ್ನ ಜೋಕಿಗೆ ನಕ್ಕವಳಲ್ಲ, ನಗ್ತಿದ್ದವಳು ನೀನು.

ಭಾನುವಾರದ ಪದಬಂಧ ಈಗಲೂ ಬಿಡಿಸ್ತೀನಿ. ಚಿಕ್ಕಂದಿನ ಒಪ್ಪಂದ ಮುರಿದಿಲ್ಲ. ಎಡದಿಂದ ಬಲಕ್ಕೆ ನಂದು, ಮೇಲಿನಿಂದ ಕೆಳಕ್ಕೆ ನಿಂದು. ನಿನ್ನ ಮನೆಗಳನ್ನ ಮುಟ್ಟಲ್ಲ, ಅವು ಖಾಲಿಯಾಗೇ ಇರ್ತವೆ. 'ಖಾಲಿ' ಅರಬ್ಬಿಯಿಂದ ಬಂದ ಪದವಂತೆ. ಅಷ್ಟು ದೂರದಿಂದ ಬಂದದ್ದು ನಮ್ಮನೇಲಿ ಎಷ್ಟು ಆರಾಮಾಗಿ ಕಾಲು ಚಾಚಿದೆ ನೋಡು! ನೀನು ಮಲ್ಲೇಶ್ವರದಿಂದ ಬರಲಾರೆ.

ಗೋದಾ ಹೋದಮೇಲೆ ನನ್ನ ಎರಡೂ ಮಕ್ಕಳಿಗೆ ತಲೆ ಬಾಚಿ ಸ್ಕೂಲಿಗೆ ಕಳಿಸಿದವಳು ನೀನು. ಶ್ರೀವಿದ್ಯಾಳ ಲಗ್ನಪತ್ರಿಕೆಯಲ್ಲಿ 'ಸುಖಾಗಮನ ಬಯಸುವವರು' ಅಂತ ಹದಿನಾರು ಹೆಸರಿದ್ದವು, ನಿನ್ನದಿರಲಿಲ್ಲ. ಅಕ್ಷರ ಜೋಡಿಸೋ ಓಬಳಪ್ಪನ ಕೈತಪ್ಪು ಅಂತ ಎಲ್ಲರ ಮುಂದೆ ಹೇಳಿದೆ. ನೀನು ಬಂದೆ, ಅಕ್ಷತೆ ಹಾಕಿದೆ, ಊಟಕ್ಕೆ ಕೂರಲಿಲ್ಲ. ಹೊರಡುವಾಗ "ಹೋಗ್ಬರ್ತೀನಿ" ಅನ್ನಲಿಲ್ಲ, "ಹೋಗ್ತೀನಿ" ಅಂದೆ. ಪದ ತೂಗಿ ಬದುಕೋ ನನಗೆ ಅದು ಕೇಳಿಸದೇ ಇರುತ್ತಾ?

ಈಗ ವಸಿಷ್ಠನ ಮದುವೆ ಗೊತ್ತಾಗಿದೆ, ಫೆಬ್ರವರಿಯಲ್ಲಿ. "ಅತ್ತೆ ಬರ್ತಾರಾ?" ಅಂತ ದಿನಾ ಕೇಳ್ತಾನೆ. ನಾನು ಕನ್ನಡಕ ಒರೆಸಿಕೊಳ್ತೀನಿ.

ಭಾವನಿಗೆ ನಮಸ್ಕಾರ. ಬೈಯೋದಿದ್ರೆ ಎದುರಿಗೇ ಬಂದು ಬೈ, ವ್ಯಾಕರಣ ತಿದ್ದಲ್ಲ.

ನಿನ್ನ ತಮ್ಮ,
ಬದರೀನಾರಾಯಣ

ತಾ.ಕ.: ಟಪಾಲು ತೆಗೆಯೋ ಹೊತ್ತಾಯ್ತು, ಬೇಗ ಹೇಳಿಬಿಡ್ತೀನಿ. ಓಬಳಪ್ಪ ತಪ್ಪು ಮಾಡಿರಲಿಲ್ಲ. ಕರಡಿನಲ್ಲಿ ಒಂದು ಸಾಲು ಜಾಸ್ತಿಯಾಗಿತ್ತು. ಬೇರೆ ಯಾರನ್ನ ತೆಗೆದರೂ ಮುನಿಸು. 'ಅಕ್ಕ ನಮ್ಮವಳೇ ತಾನೇ, ಏನೂ ಅಂದ್ಕೊಳ್ಳಲ್ಲ' ಅಂತ ನಾನೇ ಕೆಂಪು ಪೆನ್ನಲ್ಲಿ ನಿನ್ನ ಹೆಸರು ಹೊಡೆದುಹಾಕಿದೆ. ಶನಿವಾರ ಓಬಳಪ್ಪನ ಹತ್ತಿರ ಒಪ್ಪಿಕೊಂಡೆ. "ಗೊತ್ತಿತ್ತು ಸಾರ್, ಆ ಕರಡು ನನ್ನ ಹತ್ರನೇ ಇತ್ತು" ಅಂದ, ಅಷ್ಟೇ. ವಸಿಷ್ಠನ ಪತ್ರಿಕೆಯ ಕರಡು ಇದರ ಜೊತೆ ಇಟ್ಟಿದೀನಿ. 'ಸುಖಾಗಮನ ಬಯಸುವವರು' ಕೆಳಗೆ ಮೊದಲನೇ ಸಾಲು ಖಾಲಿ ಬಿಟ್ಟಿದೀನಿ. ನಿನ್ನ ಹೆಸರು ನೀನೇ ಬರಿ. ಅಂಚೆಗೆ ಹಾಕಬೇಡ, ತಗೊಂಡು ಬಾ. ಅಲ್ಲೀವರೆಗೂ ಅಚ್ಚಿಗೆ ಕೊಡಲ್ಲ.