ಒಂದೇ ಎದೆಗೆ ಎರಡು ಅಳತೆ

ಮಾನ್ಯ ವಿಚಾರಣಾಧಿಕಾರಿಗಳೇ,

ಖಾಸಗಿ ನರ್ಸಿಂಗ್ ಹೋಮ್‌ಗಳ ಮೇಲಿನ ದೂರುಗಳನ್ನು ವಿಚಾರಿಸುವ ತಮ್ಮ ಕಚೇರಿಯ ಪತ್ರ ಕಳೆದ ಸೋಮವಾರ ಗುಬ್ಬಿಗೆ ಬಂದು ತಲುಪಿತು. 'ದೂರಿಗೆ ಕಾರಣವಾದ ವಸ್ತು ಪ್ರಸ್ತುತ ದೂರುದಾರರ ದೇಹದಲ್ಲಿ ಇಲ್ಲದಿರುವುದರಿಂದ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ' ಎಂದು ಬರೆದಿದ್ದೀರಿ. ವಸ್ತು ಎಂದರೆ ನನ್ನ ಸ್ತನಗಳೊಳಗೆ ಹಾಕಿದ್ದ ಸಿಲಿಕಾನ್ ಚೀಲಗಳು. ಅವು ದೇಹದಲ್ಲಿ ಇದ್ದಾಗಲೂ ನಾನು ನಿಮ್ಮೆದುರು ಬಂದಿದ್ದೆ. ಆಗ ಏನಂದಿರಿ ಎಂಬುದು ತಮಗೆ ಮರೆತಿರಬಹುದು, ನನಗೆ ಮರೆತಿಲ್ಲ. ಅದಕ್ಕೇ ಈ ಸಲ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಓದುವವರು ನೀವೊಬ್ಬರೇ ಆಗಿರಬಾರದು.

ನನ್ನ ಹೆಸರು ನೇತ್ರಾವತಿ. ವಯಸ್ಸು ಮೂವತ್ತನಾಲ್ಕು, ಮದುವೆಯಾಗಿಲ್ಲ, ತಾಯಿ ಕೊಲ್ಲಾಪುರಮ್ಮನ ಜೊತೆ ವಾಸ. ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳ ಅಳತೆ ನೋಡುವುದು ನನ್ನ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುತ್ತೇನೆ. 2005ರಲ್ಲಿ ತುಮಕೂರಿನ ಒಂದು ನರ್ಸಿಂಗ್ ಹೋಮ್‌ನಲ್ಲಿ, ಶನಿವಾರಕ್ಕೊಮ್ಮೆ ಹೊರಗಿನಿಂದ ಬರುತ್ತಿದ್ದ ಸರ್ಜನ್ ಒಬ್ಬರಿಂದ, ಸ್ತನದ ಗಾತ್ರ ಹೆಚ್ಚಿಸುವ ಆಪರೇಷನ್ ಮಾಡಿಸಿಕೊಂಡೆ. ಯಾಕೆ ಎಂದು ನಿಮ್ಮ ಹುಬ್ಬು ಈಗಾಗಲೇ ಮೇಲೇರಿರಬೇಕು. ನನಗೆ ಬೇಕೆನಿಸಿತು, ಅದಕ್ಕೆ. ಹದಿನೈದನೇ ವಯಸ್ಸಿನಿಂದ ಒಳಗೆ ಬಟ್ಟೆ ತುರುಕಿಕೊಂಡು ತಿರುಗಿ ಸಾಕಾಗಿತ್ತು. ಯಾವ ಗಂಡಸೂ ಮಾಡಿಸಿಕೋ ಎಂದಿರಲಿಲ್ಲ. ಇದು ಅಪರಾಧವಾದರೆ ಯಾವ ಸೆಕ್ಷನ್ ಎಂದು ತಿಳಿಸಿ.

ಆಪರೇಷನ್ ಆದ ಐದನೇ ತಿಂಗಳಿಗೆ ಎಡಗಡೆಯದು ಕಲ್ಲಿನಂತೆ ಗಟ್ಟಿಯಾಗಿ ಮೇಲಕ್ಕೆ ಸರಿಯತೊಡಗಿತು. ಅದನ್ನು ಮೊದಲು ಕಂಡುಹಿಡಿದವರು ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿಯುವ ಖುರ್ಷಿದಾ ಬೇಗಂ. ಒಮ್ಮೆ ಅಳೆದರು, ಮತ್ತೆ ಅಳೆದರು, ಬಾಗಿಲ ಪರದೆ ಎಳೆದು ಮೂರನೇ ಸಲ ಅಳೆದರು.

'ನೇತ್ರಾ, ಎಡಗಡೆ ಒಂದೂವರೆ ಇಂಚು ಮೇಲೈತೆ ಕಣಮ್ಮ. ನೋವಾಗ್ತದಾ?' ಎಂದರು.

ಆಗುತ್ತಿತ್ತು. ಆ ಮಗ್ಗುಲಿಗೆ ಮಲಗಲಾಗುತ್ತಿರಲಿಲ್ಲ, ಬಸ್ಸಿನಲ್ಲಿ ಕಂಬಿ ಹಿಡಿಯಲು ಕೈ ಎತ್ತಲಾಗುತ್ತಿರಲಿಲ್ಲ. ಮಸಾಜ್ ಮಾಡಿಕೊಳ್ಳಿ, ತಾನಾಗಿ ಸರಿಹೋಗುತ್ತದೆ ಎಂದರು ಸರ್ಜನ್. ಮೂರು ಸಲವೂ ಅದನ್ನೇ ಎಂದರು. ನಾಲ್ಕನೇ ಸಲ ಹೋದಾಗ ಅವರ ಹೆಸರಿನ ಬೋರ್ಡೇ ಇರಲಿಲ್ಲ. ನನ್ನ ಫೈಲನ್ನು ಅವರೇ ಒಯ್ದರೆಂದು ಕೌಂಟರಿನವರು ಕೈತೊಳೆದುಕೊಂಡರು. ಆ ತಿಂಗಳು ಕುಣಿಗಲ್ಲಿನಲ್ಲಿ ಚಿಕ್ಕಮ್ಮನ ಮಗಳ ಮದುವೆ. ಫೋಟೋಗೆ ನಿಂತಾಗ ಒಬ್ಬ ಹೆಂಗಸು ಸೆರಗು ಸೊಟ್ಟಗಿದೆಯೆಂದು, ಒಳ್ಳೆಯ ಮನಸ್ಸಿನಿಂದಲೇ, ಎಳೆದು ಸರಿಮಾಡಿದರು. ಸರಿಯಾಗಲಿಲ್ಲ. ಮತ್ತೆ ಎಳೆದರು. ನಾನು ಊಟ ಮಾಡದೆ ಬಸ್ಸು ಹತ್ತಿದೆ.

2006ರ ಆಗಸ್ಟಿನಲ್ಲಿ ಖುರ್ಷಿದಾ ಅವರನ್ನು ಜೊತೆಗೆ ಕರೆದುಕೊಂಡು ತಮ್ಮ ಕಚೇರಿಗೆ ಬಂದೆ. ತಮ್ಮ ಗುಮಾಸ್ತರು ನನ್ನ ಅರ್ಜಿಯನ್ನು ನಾಲ್ಕು ಮೇಜಿಗೂ ಕೇಳಿಸುವಂತೆ ಓದಿದರು. ತಂದೆಯದೋ ಗಂಡನದೋ ಸಹಿ ಹಾಕಿಸಿ ತರಬೇಕೆಂದರು. ತಂದೆ ತೀರಿಹೋಗಿದ್ದಾರೆ, ಗಂಡ ಇಲ್ಲ. ನನ್ನ ಎದೆಗೊಬ್ಬ ವಾರಸುದಾರನನ್ನು ಇಲಾಖೆಯೇ ಹುಡುಕಿಕೊಡಬೇಕಿತ್ತು. ಕೊನೆಗೆ ನಮ್ಮಿಬ್ಬರನ್ನು ಒಳಗೆ ಬಿಟ್ಟಾಗ ತಾವು ಕಣ್ಣೆತ್ತದೆಯೇ ಹೇಳಿದ ಮಾತಿದು: 'ಯಾರಮ್ಮ ನಿಂಗೆ ಇದನ್ನೆಲ್ಲ ಮಾಡಿಸ್ಕೊ ಅಂದಿದ್ದು? ಕಾಯ್ಲೆ ಅಲ್ಲ, ಕಸಾಲೆ ಅಲ್ಲ. ಎಲ್ಲ ಹೆಂಗಸ್ರಿಗೂ ಒಂಚೂರು ಹೆಚ್ಚುಕಮ್ಮಿ ಇರ್ತದೆ.'

ಮಾತಾಡಿದವರು ಖುರ್ಷಿದಾ. 'ಸಾರ್, ನಾನು ಹೊಲ್ದಿದ್ದು ಸೊಟ್ಟಗಾದ್ರೆ ಬಿಚ್ಚಿ ಮತ್ತೆ ಹೊಲ್ದು ಕೊಡ್ತೀನಿ. ಯಾಕ್ ಹೊಲಿಸ್ಕೊಂಡೆ ಅಂತ ಕೇಳಲ್ಲ.' ಅವರನ್ನು ಆಚೆ ಇರಲು ಹೇಳಿದಿರಿ.

ನೋವು ತಾಳಲಾರದೆ ಈ ಜನವರಿಯಲ್ಲಿ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಎರಡನ್ನೂ ತೆಗೆಸಿದೆ. ತೆಗೆದ ಲೇಡಿ ಡಾಕ್ಟರು ಅವುಗಳನ್ನು ಟ್ರೇಯಲ್ಲಿಟ್ಟು ತೋರಿಸಿದರು. ಒಂದರ ಹಿಂಬದಿ ಗಾತ್ರ 220 ಸಿ.ಸಿ. ಎಂದಿತ್ತು, ಇನ್ನೊಂದರ ಹಿಂಬದಿ 280. ಗಟ್ಟಿಯಾಗುವುದು ಯಾರ ತಪ್ಪಿಲ್ಲದೆಯೂ ಆಗಬಹುದು, ಎರಡು ಬದಿ ಸರಿದೂಗಿಸಲು ಬೇರೆ ಬೇರೆ ಗಾತ್ರ ಹಾಕುವುದೂ ಉಂಟು ಎಂದು ನ್ಯಾಯವಾಗಿಯೇ ವಿವರಿಸಿದರು. ಆದರೆ ಹಾಗೆ ಹಾಕುವ ಮುಂಚೆ ಆ ಸರ್ಜನ್ ಅಳೆದಿದ್ದರೇ, ನನಗೆ ತಿಳಿಸಿದ್ದರೇ ಎಂದು ಕೇಳಿದರು. ಅಳೆದಿರಲಿಲ್ಲ. ತಿಳಿಸಿರಲಿಲ್ಲ. ಅವರು ಎರಡೂ ಸಂಖ್ಯೆಗಳನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದು ಸಹಿ ಹಾಕಿದರು. ಅದರ ನಕಲನ್ನು ಲಗತ್ತಿಸಿ ಮತ್ತೆ ದೂರು ಕೊಟ್ಟಿದ್ದಕ್ಕೆ ತಮ್ಮ ಈ ಪತ್ರ.

ಒಳಗಿದ್ದಾಗ ಕಾಯಿಲೆಯಲ್ಲ ಎಂದಿರಿ, ತೆಗೆಸಿದ ಮೇಲೆ ವಸ್ತುವಿಲ್ಲ ಎಂದಿರಿ. ಹಾಗಾದರೆ ದೂರು ಕೊಡುವ ಮುಹೂರ್ತ ಯಾವುದು? ಆಪರೇಷನ್ ಟೇಬಲ್ ಮೇಲೆ ಎದೆ ಬಿಚ್ಚಿ ಮಲಗಿದ್ದಾಗಲೇ? ಕೊಲೆಯಾದವನ ದೇಹದಿಂದ ಗುಂಡು ತೆಗೆದರೆ ಕೊಲೆಯೂ ಮುಕ್ತಾಯವೇ? ಅದೇ ಸರ್ಜನ್ ಕೈಯಲ್ಲಿ ಆಪರೇಷನ್ ಮಾಡಿಸಿಕೊಂಡ ಇನ್ನಿಬ್ಬರು ಖುರ್ಷಿದಾ ಅವರ ಅಂಗಡಿಗೆ ಬಂದು ಪರದೆ ಎಳೆದುಕೊಂಡು ಅತ್ತು ಹೋಗಿದ್ದಾರೆ. ಅವರ ಎದೆಯಲ್ಲಿ ತಮ್ಮ ಅಚ್ಚುಮೆಚ್ಚಿನ ವಸ್ತು ಇನ್ನೂ ಇದೆ. ಅವರನ್ನು ಕೇಳುತ್ತೀರಾ?

ನನ್ನ ಪ್ರಕರಣವನ್ನು ಮತ್ತೆ ತೆರೆಯಬೇಕು. ನರ್ಸಿಂಗ್ ಹೋಮ್‌ನವರನ್ನು ಕರೆಸಿ, ನನ್ನ ಫೈಲು ತರಿಸಿ, 220 ಮತ್ತು 280ರ ಲೆಕ್ಕ ಕೇಳಬೇಕು. ಕೇಳುವಾಗ ಕೋಣೆಯಲ್ಲಿ ಒಬ್ಬ ಲೇಡಿ ಡಾಕ್ಟರು ಇರಬೇಕು. ಅರ್ಜಿಯನ್ನು ಯಾರೂ ಗಟ್ಟಿಯಾಗಿ ಓದಕೂಡದು.

ಪತ್ರಿಕೆಗೆ ಹೆಸರು ಹಾಕಬೇಡವೆಂದು ಅಮ್ಮ ಎರಡು ದಿನ ಜಗಳವಾಡಿದರು, ಮಾತು ಬಿಟ್ಟರು. ಮೂರನೇ ದಿನ ಬೆಳಿಗ್ಗೆ ಪತ್ರವನ್ನು ಮೊದಲಿಂದ ಕೊನೆವರೆಗೆ ಓದಿಸಿಕೊಂಡು ಕೇಳಿದರು. ಆಮೇಲೆ, 'ಹೆಸ್ರಿಲ್ದಿದ್ರೆ ವಿಚಾರಣೆಗೆ ಯಾರ್ನ ಕರೀತಾರೆ? ಹಾಕು' ಎಂದರು.

ಇಂತಿ,
ಕರೆ ಬರುತ್ತದೆಂಬ ಭ್ರಮೆಯನ್ನು ಇನ್ನೂ ಪೂರ್ತಿ ಬಿಡಲಾಗದ
ನೇತ್ರಾವತಿ, ಗುಬ್ಬಿ