ಚುಕ್ಕಿ ಇಟ್ಟ ಅತ್ತೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮ,

ನಾನು ಚೆನ್ನಾಗಿದ್ದೇನೆ. ನಿನ್ನ ಅಳಿಯನೂ ಚೆನ್ನಾಗಿದ್ದಾನೆ, ಸೋಫಾದ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದಾನೆ, ಹಾಗೆ ಮಲಗಿದಾಗಲೂ ಎಷ್ಟು ಮುದ್ದಾಗಿ ಕಾಣುತ್ತಾನೆ ಗೊತ್ತಾ. ನಿಮ್ಮಲ್ಲಿಂದ ಬಂದ ಮೇಲೆ ನಿನ್ನ ಫೋನ್ ಎತ್ತದೆ, ಆಮೇಲೆ ಮಾಡುತ್ತೇನೆ ಎಂದು ಮೆಸೇಜು ಹಾಕಿ ತಪ್ಪಿಸಿಕೊಂಡೆ. ಕ್ಷಮಿಸು. ನಮ್ಮ ಪಿಟೀಲು ಮುನಿಸಿಕೊಂಡಿದೆ ಎಂದು ನೀನು ನನ್ನ ಬಗ್ಗೆ ಅಪ್ಪನ ಹತ್ತಿರ ಹೇಳಿದೆಯಂತೆ. ಸ್ವಲ್ಪ ನಿಜ. ಅದನ್ನು ಹೇಳಲೆಂದೇ ಈ ಕಾಗದ. ಆದರೆ ಮೊದಲು ಅಂಗಡಿಯ ಕಥೆ ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬಣ್ಣ, ಕಾಗದ, ಪೆನ್ನುಗಳ ಅಂಗಡಿಯೊಂದಿದೆ. ಒಳಗೆ ಕಾಲಿಟ್ಟರೆ ಹೊಸ ಪುಸ್ತಕದ ವಾಸನೆ. ಪೆನ್ಸಿಲ್‌ಗಳಿಗೆ ಬೇರೆ ಬೇರೆ ಡ್ರಾಯರು, ಬಣ್ಣದ ಟ್ಯೂಬುಗಳು ಹಲ್ಲುಜ್ಜುವ ಪೇಸ್ಟಿನ ಮರಿಗಳ ಹಾಗೆ ಸಾಲಾಗಿ ಮಲಗಿರುತ್ತವೆ. ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವ ಕೆಲಸ ಸಿಕ್ಕಿದಾಗಿನಿಂದ ನನಗೆ ಅಲ್ಲಿಗೆ ಹೋಗಲು ನೆಪ ಬೇಕಾಗಿಯೇ ಇಲ್ಲ. ನನ್ನ ಬದಲು ನೀನು ಆ ಅಂಗಡಿಯನ್ನೇ ಕಟ್ಟಿಕೊಳ್ಳಬಹುದಿತ್ತು ಎಂದು ನಿನ್ನ ಅಳಿಯ ರೇಗಿಸುತ್ತಾನೆ.

ನಿನ್ನೆ ಅವನ ಅಮ್ಮನೂ ನನ್ನ ಜೊತೆ ಬಂದರು. ಅಮ್ಮ, ಒಂದು ಗುಟ್ಟು. ಇಷ್ಟು ದಿನವಾದರೂ ನಾನು ಅವರನ್ನು ಏನೆಂದೂ ಕರೆದಿರಲಿಲ್ಲ. ಮದುವೆಗೆ ಮೊದಲು ಆಂಟಿ ಅನ್ನುತ್ತಿದ್ದೆ. ಈಗ ಹಾಗೆನ್ನಲು ನಾಚಿಕೆ, ಬೇರೆ ಹೆಸರು ನಾಲಿಗೆಗೆ ಬರುವುದಿಲ್ಲ. ಅವರು ನನ್ನ ಕಡೆ ತಿರುಗುವವರೆಗೂ ಕಾದು ಮಾತಾಡುತ್ತಿದ್ದೆ. ನಿವೃತ್ತ ಕನ್ನಡ ಟೀಚರ್ ಬೇರೆ. ನನ್ನ ಕನ್ನಡ ಕೇಳಿದಾಗಲೆಲ್ಲ ಹುಬ್ಬು ಮೇಲೇರುತ್ತದೆ. ನಮ್ಮಿಬ್ಬರಿಗೆ ಎಂದಾದರೂ ಸಲಿಗೆ ಬಂದೀತೇ ಎಂದು ನನಗೆ ಭಯವೇ ಆಗಿತ್ತು.

ಅಂಗಡಿಯವರು ಹೊಸ ಬ್ರಷ್ ಪೆನ್ನು ಕೊಟ್ಟು, ಬರೆದು ನೋಡಿ ಎಂದರು. ಎಲ್ಲರೂ ತಮ್ಮ ಹೆಸರು ಬರೆಯುತ್ತಾರೆ. ನಾನೂ ಇಂಗ್ಲಿಷಿನಲ್ಲಿ ಗೀಚಿದೆ. ಕನ್ನಡದಲ್ಲೂ ಏನಾದರೂ ಬರೆ ಎಂದರು ಪಕ್ಕದಲ್ಲಿದ್ದ ಅವನ ಅಮ್ಮ. ಬಾಯಲ್ಲಿ ಬಾರದ್ದು ಕೈಯಲ್ಲಾದರೂ ಬರಲಿ ಎಂದುಕೊಂಡು, ಇದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ, ದುಂಡಗೆ "ಅತ್ತೆ" ಎಂದು ಬರೆದೆ. ಪೆನ್ನಿನ ತುದಿ ಚೆನ್ನಾಗಿತ್ತು ಎಂದು ಕೊನೆಗೊಂದು ದಪ್ಪ ಚುಕ್ಕಿಯನ್ನೂ ಇಟ್ಟೆ.

ಅವರು ಬಹಳ ಹೊತ್ತು ನೋಡಿದರು. ಮುಖ ಸಪ್ಪಗಾಯಿತು.

"ಯಾವಾಗ?" ಎಂದರು.

"ಏನು ಯಾವಾಗ?"

"ಅತ್ತಿದ್ದು. ನನ್ನ ಮಗ ಏನಾದ್ರೂ ಅಂದ್ನಾ?"

ನನಗೆ ಅರ್ಥವಾಗಲು ಸಮಯ ಹಿಡಿಯಿತು. ಅಯ್ಯೋ ಅದು ನೀವು, ನಿಮ್ಮನ್ನೇ ಬರೆದದ್ದು ಎಂದರೆ, "ಚುಕ್ಕಿ ಇಟ್ಟಿದ್ದೀಯಲ್ಲೇ, ಚುಕ್ಕಿ ಇಟ್ಟ ಮೇಲೆ ಅದು ವಾಕ್ಯ" ಎಂದರು. ನಾನು ನಗತೊಡಗಿದೆ. ನಗುತ್ತಾ ನಗುತ್ತಾ ಅದು ಹೇಗೋ ಅಳುವಾಯಿತು. ಯಾಕೆಂದರೆ ಅಮ್ಮ, ಅವರು ಓದಿದ್ದೂ ತಪ್ಪಾಗಿರಲಿಲ್ಲ. ನಿಮ್ಮಲ್ಲಿಂದ ಬಂದ ದಿನ ನಲ್ಲಿ ಜೋರಾಗಿ ಬಿಟ್ಟುಕೊಂಡು ಇಲ್ಲಿನ ಸ್ನಾನದ ಮನೆಯಲ್ಲಿ ಅತ್ತಿದ್ದೆ. ಅಂಗಡಿಯವರು ಗಾಬರಿಯಲ್ಲಿ ಕೈಗೆ ಸಿಕ್ಕ ಗುಲಾಬಿ ಟಿಶ್ಯೂ ಪೇಪರ್ ಕೊಟ್ಟರು, ಹೂವು ಮಾಡುವಂಥದ್ದು. ಒರೆಸಿಕೊಂಡ ಮೇಲೆ ನನ್ನ ಕೆನ್ನೆ ನಾಟಕದವರ ಹಾಗೆ ಕೆಂಪಾಯಿತು. ಅದನ್ನು ನೋಡಿ ಅವರೂ ನಕ್ಕರು, ಕಣ್ಣೊರೆಸಿಕೊಂಡರು.

ಅಲ್ಲೇ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದೆ. ಅವರು ಸಮಾಧಾನ ಗೀಮಾಧಾನ ಏನೂ ಮಾಡಲಿಲ್ಲ. ಗೆರೆ ಇರುವ ಪತ್ರದ ಕಾಗದ ಕೊಡಿ, ಗೆರೆ ಇಲ್ಲದಿದ್ದರೆ ಇವಳ ಸಾಲು ಬೆಟ್ಟ ಹತ್ತುತ್ತದೆ ಎಂದು ಅಂಗಡಿಯವರಿಗೆ ಹೇಳಿದರು. ಆಮೇಲೆ ನನಗೆ, "ಫೋನಲ್ಲಿ ಹೇಳ್ಬೇಡ. ನಿಮ್ಮಮ್ಮ ಅಷ್ಟೇನಾ ಅಂತಾರೆ, ನೀನು ಹೂಂ ಅಷ್ಟೇ ಅಂತೀಯ. ಮುಗೀತು. ಬರೆದು ಕಳಿಸು" ಎಂದರು.

ಹೊರಟಾಗ ಅವರ ಕನ್ನಡಕ ಗಲ್ಲಾದ ಮೇಲೇ ಉಳಿದಿತ್ತು. "ಅತ್ತೆ, ಕನ್ನಡಕ" ಎಂದೆ. ತಾನಾಗಿಯೇ ಬಂತು. ಅವರು ತಿರುಗದೆಯೇ ಹಿಂದಕ್ಕೆ ಕೈ ಚಾಚಿ, "ಹೀಗೆ ಕರೀಬೇಕು" ಎಂದರು.

ನಿಮ್ಮಿಬ್ಬರ ಕೈ ನನ್ನ ತಲೆಯ ಮೇಲಿರಲಿ. ಅಪ್ಪನ ಕೈ ಭಾರ, ಮೆಲ್ಲಗೆ ಇಡಲು ಹೇಳು.

ನಿನ್ನ
ಪಿಟೀಲು

ತಾ.ಕ.: ಅವತ್ತು ನಿಮ್ಮಲ್ಲಿ ನಾನು ಸ್ನಾನಕ್ಕೆ ಹೊರಟಾಗ ನೀನು ಬೀರುವಿನಿಂದ ಹೂವಿನ ಅಂಚಿನ ಟವೆಲ್ ತೆಗೆದುಕೊಟ್ಟೆ. ನೆಂಟರಿಗೆಂದು ಎತ್ತಿಡುತ್ತೀಯಲ್ಲ, ಅದು. ಪ್ರೀತಿಯಿಂದಲೇ ಕೊಟ್ಟೆ, ಗೊತ್ತು. ಆದರೂ ಅದಕ್ಕೇ ಅತ್ತದ್ದು. ಮುಂದಿನ ಸಲ ನನ್ನ ಹಳೆಯ ನೀಲಿಯದನ್ನೇ ಕೊಡಮ್ಮ, ಅಂಚು ಹರಿದಿದೆಯಲ್ಲ, ಅದನ್ನೇ. ಅಷ್ಟರಲ್ಲಿ ನೆಲ ಒರೆಸಲು ಹಾಕಿಬಿಟ್ಟಿದ್ದರೆ, ಒಗೆದು ಕೊಡು.