ಹೊರಗಿನ ಅಗಳಿ

ನಾರಾಯಣಗೂಡ, ೯ ಜುಲೈ ೨೦೨೪

ದೊಡ್ಡಪ್ಪನವರಿಗೆ ಮಾನ್ಯಾಳ ನಮಸ್ಕಾರಗಳು. ಫೋನಿನಲ್ಲಿ ನೀವು ಮಾತನಾಡಲು ಬಿಡದ ಕಾರಣ, ನೀವು ಕೊಡಿಸಿದ ಕೆಲಸದ ಬಗ್ಗೆ ನನ್ನ ತೀರ್ಮಾನ ತಿಳಿಸುವುದೇ ಈ ಕಾರ್ಡಿನ ಉದ್ದೇಶ.

ಅತಿಥಿಗೃಹವಾಗಿ ದುರಸ್ತಿಯಾದ ಈ ಹವೇಲಿಯ ಕೋಣೆಗಳಿಗೆ ಇತಿಹಾಸದ ಫಲಕ ಬರೆಯುತ್ತಿದ್ದೇನೆ. ಮಹಡಿಯ ಕೋಣೆಯಲ್ಲಿ ಬೀಟೆಯ ಮಂಚ, ಬೆಲ್ಜಿಯಂ ಕನ್ನಡಿ ಹೊಳೆಯುತ್ತಿವೆ. ಮೊನ್ನೆ ಬಡಗಿ ಸಂಗಣ್ಣ ಆ ಕೋಣೆಯ ಬಾಗಿಲಿನ ಹಳೆಯ ಬಣ್ಣ ಕೆರೆದು ನನ್ನನ್ನು ಕರೆದ.

"ಅಕ್ಕಾರ, ಅಗಳಿ ಹೊರಗಷ್ಟ ಐತ್ರಿ. ಒಳಗ ನೋಡ್ರಿ, ಉಗುರಿನ ಗೀರು."

ಗೀರುಗಳು ನೆಲದಲ್ಲಿ ಕುಳಿತವರ ಕೈ ಎಟಕುವ ಎತ್ತರದಲ್ಲಿದ್ದವು. ಕಾಲೇಜಿನ ತರಗತಿಯಲ್ಲಿ ಉರ್ದು ಕಲಿತವಳು ನಾನೊಬ್ಬಳೇ. ಈ ಹವೇಲಿಯ ಮನೆತನದ ಉರ್ದು ಪತ್ರಗಳನ್ನೆಲ್ಲ ಓದಿದೆ. ಮದುವೆಗೆ ಒಪ್ಪದ ಮಗಳನ್ನು ಅಲ್ಲಿ ಒಂಬತ್ತು ವರ್ಷ ಕೂಡಿಹಾಕಿದ್ದರು. ಆಕೆ ಅಲ್ಲೇ ತೀರಿಕೊಂಡಳು.

ಮ್ಯಾನೇಜರಾದ ನಿಮ್ಮ ಗೆಳೆಯ ಹನುಮಂತರಾಯರು, ಇದನ್ನೇ ಫಲಕದಲ್ಲಿ ಬರೆಯುತ್ತೇನೆಂದದ್ದು ಕೇಳಿ ನಕ್ಕರು. "ಭಾಳ ಓದಿದ್ರ ಹಿಂಗ ಆಕ್ಕೈತಿ ನೋಡವ್ವಾ. ಇಲ್ಲಿಗೆ ಹೊಸಾ ಜೋಡಿಗಳು ಬರ್ತಾವ. 'ಮುದ್ದಿನ ಮಗಳ ಏಕಾಂತದ ಕೋಣೆ' ಅಂತ ಬರಿ, ನಾಳೆನ ನೌಕರಿ ಕಾಯಂ."

ಫೋನಿನಲ್ಲಿ ನೀವೂ ಅದನ್ನೇ ಹೇಳಿದಿರಿ. ಬಣ್ಣದ ಧೂಳಿಗೆ ಕೆಮ್ಮು ಹಿಡಿದಿದೆ, ಔಷಧಿ ತೆಗೆದುಕೊಳ್ಳುತ್ತಿದ್ದೇನೆ, ದೊಡ್ಡಮ್ಮನನ್ನು ಗಾಬರಿಪಡಿಸಬೇಡಿ.

ಆ ಫಲಕವನ್ನು ನಾನು ಬರೆಯುವುದಿಲ್ಲ.